ಹೂಂ ಅನ್ನದ ಡಬ್ಬಿ

ನಮ್ಮ ಕಡೆ ಮನುಷ್ಯ ಜೀವಂತ ಇದ್ದಾನೋ ಇಲ್ಲವೋ ಎಂದು ತಿಳಿಯಲು ನಾಡಿ ಹಿಡಿಯಬೇಕಾಗಿಲ್ಲ. ಅವನೆದುರು ಕುಳಿತು ಯಾವುದಾದರೂ ಒಂದು ಮಾತು ತೆಗೆದರೆ ಸಾಕು. ಜೀವವಿದ್ದರೆ 'ಹೂಂ' ಅನ್ನುತ್ತಾನೆ. ಹೊಲದ ಬದುವಿನ ಜಗಳವಿರಲಿ, ಎಮ್ಮೆ ಈದ ಸುದ್ದಿಯಿರಲಿ, ಹೇಳುವವನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕೇಳುವವನ ಕಡೆಯಿಂದ ಒಂದು ಹೂಂ ಬೀಳಲೇಬೇಕು. ಬೀಳದಿದ್ದರೆ ಹೇಳುವವನು ಅಲ್ಲಿಗೇ ನಿಲ್ಲುತ್ತಾನೆ. "ಯಾಕ್ರಿ, ನನ್ ಮ್ಯಾಲೆ ಸಿಟ್ಟೇನ?" ಎಂದು ಕೇಳುತ್ತಾನೆ. ಈ ಹೂಂಗೂ ನನ್ನ ಬೆನ್ನುಹುರಿಗೂ ಏನು ಸಂಬಂಧ ಎಂದು ಹೇಳಲೆಂದೇ ಕುಳಿತಿದ್ದೇನೆ. ಓದುತ್ತಾ ಓದುತ್ತಾ ನೀವೂ ಆಗಾಗ ಹೂಂ ಅಂದರೆ ನನಗೂ ಬರೆಯಲು ಹುರುಪು ಬರುತ್ತದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿದ್ದೆ. ಯಡೂರು, ಬೇಡಕಿಹಾಳ, ಉಗಾರ ಬುದ್ರುಕ ಇಲ್ಲೆಲ್ಲ ನಮ್ಮ ಚಿಕ್ಕ ಚಿಕ್ಕ ಆಫೀಸುಗಳು. ಅಲ್ಲಿ ಟೋಳಿಯವರು, ಅಂದರೆ ಕಡಿಯುವ ಆಳುಗಳ ಗುಂಪು, ಕಬ್ಬು ಕಡಿಯಬೇಕು, ಗಾಡಿಯವರು ಹೇರಿ ತರಬೇಕು. ತರುವುದು ಹೆಚ್ಚಾದರೆ ಕಾರ್ಖಾನೆಯ ಯಾರ್ಡು ತುಂಬಿ ಗಾಡಿಗಳ ಸಾಲು ಡಾಂಬರು ರಸ್ತೆಗೆ ಬರುತ್ತದೆ. ಎತ್ತುಗಳು ನಿಂತಲ್ಲೇ ನಿಂತು ಕಂಗಾಲು. ಕಡಿಮೆಯಾದರೆ ಅರೆಯಲು ಕಬ್ಬಿಲ್ಲದೆ ಕಾರ್ಖಾನೆಯೇ ನಿಲ್ಲುತ್ತದೆ. ಆದ್ದರಿಂದ 'ಕಡೀರಿ' ಮತ್ತು 'ಸಾಕು, ನಿಲ್ಲಸ್ರಿ' ಎಂಬ ಎರಡು ಮಾತು ಊರೂರಿಗೆ ಸಮಯಕ್ಕೆ ತಲುಪಬೇಕು. ಫೋನು ಇರಲಿಲ್ಲವೇ ಎಂದು ಕೇಳಬೇಡಿ. ಟ್ರಂಕ್ ಕಾಲ್ ಬುಕ್ ಮಾಡಿ ಕುಳಿತರೆ ಕಬ್ಬು ಕಡಿಯುವುದಿರಲಿ, ಮತ್ತೆ ಚಿಗುರಿ ನಿಲ್ಲುತ್ತಿತ್ತು. ಹೀಗಾಗಿ ಆ ಎರಡು ಮಾತನ್ನು ಹೊತ್ತು ಮೋಟಾರ್ ಸೈಕಲ್ಲಿನ ಮೇಲೆ ತಿರುಗುವವನು ನಾನೇ. ಎರೆಹೊಲದ ದಾರಿ, ಗಾಡಿಯ ಗಾಲಿ ಕೊರೆದ ತಗ್ಗು. ಮೂರು ಹಂಗಾಮಿನಲ್ಲಿ ನನ್ನ ಬೆನ್ನು ಹಳೆಯ ಮಂಚದಂತೆ ಕಿರುಗುಟ್ಟತೊಡಗಿತು. ನಿಪ್ಪಾಣಿಯ ಡಾಕ್ಟರು ಕೊನೆಗೆ ಹೇಳಿಯೇಬಿಟ್ಟರು: "ಮೋಟಾರ್ ಸೈಕಲ್ ಬಿಡ್ರಿ, ಇಲ್ಲಾ ಬೆನ್ನಿನ ಆಸೆ ಬಿಡ್ರಿ."

ಅದೇ ಹೊತ್ತಿಗೆ ವೈರ್‌ಲೆಸ್ ಡಬ್ಬಿಗಳ ಸುದ್ದಿ ಕಿವಿಗೆ ಬಿತ್ತು. ನಾನು ಹಟ ಹಿಡಿದೆ. ಕಬ್ಬು, ದ್ರಾಕ್ಷಿ ಎರಡೂ ಬೆಳೆಯುವ ದೊಡ್ಡ ಒಕ್ಕಲುತನದ ನಮ್ಮ ಕಾರ್ಖಾನೆಯ ಅಧ್ಯಕ್ಷರು ಸುಲಭಕ್ಕೆ ಒಪ್ಪುವವರಲ್ಲ. "ಬಾಯಿ ಇದ್ದ ಮಂದೀಗೆ ಡಬ್ಬಿ ಯಾಕ್ ಬೇಕ್ರಿ?" ಎಂದರು. ನಾನು ಹೋದಲ್ಲಿ ಬಂದಲ್ಲಿ ಗಂಟುಬಿದ್ದೆ. ಅವರ ಮೊಮ್ಮಗಳ ಜವಳದ ಊಟದಲ್ಲಿ, ಹೋಳಿಗೆಗೆ ತುಪ್ಪ ಬಡಿಸುವಾಗಲೂ ಬಿಡಲಿಲ್ಲ. ಬೇಸತ್ತು ಅಂದರು: "ಆತ್ ಮಾರಾಯ್ರ, ತರಿಸ್ರಿ. ಆದ್ರ ನಡೀಲಿಲ್ಲಂದ್ರ ಡಬ್ಬಿ ವಾಪಸ್, ನೀವು ಮತ್ತ ಮೋಟಾರ್ ಸೈಕಲ್ ಮ್ಯಾಲೆ."

ಡಬ್ಬಿಗಳು ಬಂದವು. ಕುಂಕುಮ ಹಚ್ಚಿ ಕಾಯಿ ಒಡೆದೆವು. ಊರಿಗೊಂದು ಕೊಟ್ಟು, ದೊಡ್ಡದೊಂದನ್ನು ನನ್ನ ಮೇಜಿನ ಮೇಲಿಟ್ಟುಕೊಂಡೆ. ಬಳಸುವುದು ಬಲು ಸುಲಭ: ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಎರಡೂ ಒಟ್ಟಿಗೆ ಮಾತ್ರ ಆಗುವುದಿಲ್ಲ. ಒಬ್ಬ ಮಾತಾಡುವಾಗ ಇನ್ನೊಬ್ಬ ಸುಮ್ಮನಿರಬೇಕು. ಈ ಡಬ್ಬಿ ಮಾಡಿದವನು ಪುಣ್ಯಾತ್ಮ, ಆದರೆ ಅವನು ಕೃಷ್ಣೆಯ ದಂಡೆಗೆ ಬಂದವನಲ್ಲ.

ಮೊದಲ ದಿನವೇ ಯಡೂರಿನಿಂದ ನಮ್ಮ ಹಿರಿಯ ಫೀಲ್ಡ್‌ಮನ್ ಅಣ್ಣಪ್ಪನ ದನಿ ಬಂತು. "ಸಾಹೇಬ್ರ, ನಮಸ್ಕಾರ್ರಿ. ನಾಷ್ಟಾ ಆತೇನ್ರಿ? ಇಲ್ಲಿ ಹಳ್ಳದ ದಾರ್ಯಾಗ ಒಂದ್ ಸುದ್ದಿ ಆಗೇತ್ರಿ..." ಎಂದು ನಿಂತ. ಹೂಂಗಾಗಿ ಕಾಯುತ್ತಿದ್ದ. ನಾನು ಇಲ್ಲಿ ಹೂಂ ಹೂಂ ಎಂದು ಬಡಿದುಕೊಳ್ಳುತ್ತಿದ್ದೇನೆ. ಅವನು ಅಲ್ಲಿ ಗುಂಡಿ ಬಿಟ್ಟರೆ ತಾನೆ ಕೇಳುವುದು! "ಸಾಹೇಬ್ರ? ಅದೀರೇನ್ರಿ? ...ಸಿಟ್ಟಾಗೀರೇನ್ರಿ? ...ಆತ್ ಬಿಡ್ರಿ, ಹೇಳೂದಿಲ್ಲ." ಡಬ್ಬಿ ಬಂದ್. ಹಳ್ಳದ ದಾರಿಯಲ್ಲಿ ಗಾಡಿಯೊಂದರ ಅಚ್ಚು ಮುರಿದು ಹಿಂದಿನ ಗಾಡಿಗಳೆಲ್ಲ ಸಿಕ್ಕಿಕೊಂಡಿದ್ದವು ಎಂಬುದು ನಮಗೆ ತಿಳಿಯುವಷ್ಟರಲ್ಲಿ ಕಾರ್ಖಾನೆಗೆ ಕಬ್ಬಿಲ್ಲದೆ ಗರಗರ ಸದ್ದು ನಿಂತೇಹೋಯಿತು. ನಮ್ಮಲ್ಲಿ ಆ ಸದ್ದು ನಿಂತರೆ ಯಾರೋ ತೀರಿಕೊಂಡ ಹಾಗೆ. ಜನ ಮನೆಯಿಂದ ಹೊರಗೆ ಬಂದು ಮುಖ ಮುಖ ನೋಡುತ್ತಾರೆ.

ಬೇಡಕಿಹಾಳದ ಬಾಪೂನದು ಇದರ ತದ್ವಿರುದ್ಧ ರೋಗ. ಅವನ ಮನೆಮಾತು ಮರಾಠಿ. ಹೂಂ ಬದಲು 'ಬರಂ' ಅನ್ನುತ್ತಾನೆ, ಅಷ್ಟೇ ವ್ಯತ್ಯಾಸ. ಬಲು ಮರ್ಯಾದಸ್ಥ. ನಾನು ಒಂದು ಮಾತು ಆಡುವುದರೊಳಗೆ ಗುಂಡಿ ಒತ್ತಿ "ಬರಂ", ಮತ್ತೊಂದಕ್ಕೆ "ಬರಂ, ಬರಂ". ಅವನು ಒತ್ತಿದಾಗಲೆಲ್ಲ ನನ್ನ ಮಾತು ಗಾಳಿಪಾಲು. 'ಸಾಕು, ನಿಲ್ಲಸ್ರಿ' ಎಂದು ನಾನು ಕೂಗಿದ್ದೆಲ್ಲ ಅವನ ಬರಂಗಳ ಅಡಿಗೆ ಸಿಕ್ಕಿ ಸತ್ತಿತು. ಮರುದಿನ ಬೇಡಕಿಹಾಳದ ಅಷ್ಟೂ ಗಾಡಿ ಯಾರ್ಡಿನ ಮುಂದೆ! ಒಂದು ದಿನ ಉಪವಾಸ, ಮರುದಿನ ಅಜೀರ್ಣ. ಅಧ್ಯಕ್ಷರು ನನ್ನ ಮೇಜಿನ ಹತ್ತಿರ ಬಂದು ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಸೋಮವಾರ ಬಂದು ನಾನs ಕುಂತ್ ನೋಡ್ತೀನಿ. ಅಲ್ಲೀತನಕ ನಿಮ್ಮ ಗಾಡಿಗೆ ಪೆಟ್ರೋಲ್ ಹಾಕ್ಸಿ ಇಟ್ಟಿರ್ರಿ."

ನಾನು ಸೋಲುವ ಜಾತಿಯಲ್ಲ. ಅದರಲ್ಲೂ ಪ್ರಶ್ನೆ ನನ್ನ ಬೆನ್ನಿನದು. ಎಲ್ಲರನ್ನೂ ಕರೆಸಿ ಬೇವಿನ ಗಿಡದ ಕೆಳಗೆ ಪಾಠ ಮಾಡಿದೆ. ಸುಮ್ಮನಿದ್ದರೆ ಕೇಳುತ್ತಿದ್ದಾರೆ ಎಂದೇ ಅರ್ಥ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅಣ್ಣಪ್ಪ ಎದ್ದು ನಿಂತ. "ಹಂಗಂದ್ರ ಗ್ವಾಡಿನೂ ಕೇಳತೈತೇನ್ರಿ ಸಾಹೇಬ್ರ?" ಮಾತು ಮುಗಿದಾಗ 'ಓವರ್' ಅನ್ನಬೇಕೆಂದು ಕಲಿಸಿದೆ. ಸಾಹೇಬರಿಗೆ ಬರಿ ಓವರ್ ಅನ್ನುವುದು ಹೇಗೆಂದು ಎಲ್ಲರೂ 'ಓವರ್ ರೀ' ಎಂದು ಕಲಿತರು. ಆದರೆ 'ಓವರ್ ರೀ' ತನಕ ಮಾತು ಮುಟ್ಟುತ್ತಲೇ ಇರಲಿಲ್ಲ, ಹೂಂ ಸಿಗದೆ ನಡುವೆಯೇ ನಿಲ್ಲುತ್ತಿತ್ತು.

ಶನಿವಾರ ಸಂಜೆ ಸೋತು ಸುಣ್ಣವಾಗಿ ಮನೆಗೆ ಬಂದು ಬೋರಲು ಬಿದ್ದೆ. ಹೆಂಡತಿ ಸುಮಿತ್ರಾ ಉಪ್ಪಿನ ಗಂಟು ಕಾಯಿಸಿ ನನ್ನ ಬೆನ್ನಿಗೆ ಕಾವು ಕೊಡುತ್ತಾ, ತನ್ನ ತವರಿಗೆ ಹೋದಾಗ ಅತ್ತಿಗೆ ಏನಂದಳು ಎಂದು ಶುರುಮಾಡಿದಳು. ಹೂಂ ಅನ್ನಲು ನನ್ನಲ್ಲಿ ಜೀವ ಇರಲಿಲ್ಲ. ಆದರೂ ಅವಳ ಮಾತು ನಿಲ್ಲಲಿಲ್ಲ, ಸಿಟ್ಟೂ ಬರಲಿಲ್ಲ! ಏನಾಶ್ಚರ್ಯ ಎಂದು ಕತ್ತು ಹೊರಳಿಸಿ ನೋಡಿದರೆ, ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕುಳಿತ ನಮ್ಮವ್ವ ನನ್ನ ಪರವಾಗಿ ಹೂಂ ಅನ್ನುತ್ತಿದ್ದಳು. ಹೇಳುತ್ತಿದ್ದುದು ನನಗೆ, ಹೂಂ ಬೀಳುತ್ತಿದ್ದುದು ಅವ್ವನದು. ಕಥೆ ಮಾತ್ರ ಸರಾಗ ಸಾಗಿತ್ತು. "ಅವ್ವಾ, ಗೆದ್ದೆ!" ಎಂದು ಎದ್ದು ಕುಳಿತೆ. ಉಪ್ಪಿನ ಗಂಟು ಸುಮಿತ್ರಾಳ ಕೈಯಿಂದ ಹಾರಿ ಅವರೆಕಾಯಿಯ ಬುಟ್ಟಿಗೆ ಬಿತ್ತು.

ಭಾನುವಾರ ಯಡೂರಿಗೆ ಹೋದೆ. ಅಣ್ಣಪ್ಪನ ಪಕ್ಕದಲ್ಲಿ ಮುದುಕ ವಾಚ್‌ಮನ್ ಈರಪ್ಪನನ್ನು ಕೂಡಿಸಿದೆ. ಅಣ್ಣಪ್ಪ ಡಬ್ಬಿಯಲ್ಲಿ ಮಾತಾಡುವಾಗ ಹೂಂ ಅನ್ನುವುದು, ಅದೊಂದೇ ಅವನ ಕೆಲಸ. "ಇದಕ್ಕೂ ಡ್ಯೂಟಿ ಏನ್ರಿ?" ಎಂದು ಅವನು ಕೊಂಚ ನಾಚಿದ. ಅಲ್ಲಿಂದ ಬೇಡಕಿಹಾಳಕ್ಕೆ. ಬಾಪೂನ ಕೈಯಿಂದ ಡಬ್ಬಿ ಕಿತ್ತು ಅವನ ಜೊತೆಗಾರನಿಗೆ ಕೊಟ್ಟು, ನಾನು ಓವರ್ ಅನ್ನುವವರೆಗೆ ಗುಂಡಿ ಮುಟ್ಟಕೂಡದು ಎಂದೆ. ಬಾಪೂ ಎಷ್ಟು ಬೇಕಾದರೂ ಬರಂ ಅನ್ನಲಿ, ಗಾಳಿಗೇ ಅನ್ನಲಿ. ಒಬ್ಬರ ಕೆಲಸಕ್ಕೆ ಇಬ್ಬರಾದರು ನಿಜ. ಕೆಲಸ ಚುರುಕಾಗಬೇಕಾದರೆ ಇಷ್ಟು ಮಾಡಲೇಬೇಕು.

ಸೋಮವಾರ ಅಧ್ಯಕ್ಷರು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಚಹಾ ಬರುವ ಮೊದಲೇ ಡಬ್ಬಿ ಕರೆಯಿತು. "ಸಾಹೇಬ್ರ, ಯಡೂರಿಂದ ಅಣ್ಣಪ್ಪ. ಕರೆಂಟಿನ ತಂತಿ ಕಿಡಿ ಸಿಡದ್ ಕಬ್ಬಿಗೆ ಬೆಂಕಿ ಬಿದ್ದೈತ್ರಿ." ಹಿಂದಿನಿಂದ ಈರಪ್ಪನ "ಹೂಂ". "ಬೆಂಕಿ ಆರೇತಿ, ಆದ್ರ ಕಬ್ಬ ಸುಟ್ಟಾವು." "ಹೂಂ." "ಇವತ್ತs ಕಡದ್ ಅರೀಲಿಲ್ಲಂದ್ರ ರಸಾ ಒಣಗಿ ಹೋಗತೈತಿ. ನನ್ ಟೋಳಿ ಸಾಲೂದಿಲ್ಲ." "ಅಯ್ಯ ಶಿವನ, ಹೂಂ." "ಓವರ್ ರೀ!" ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬೇಡಕಿಹಾಳಕ್ಕೆ ಹೇಳಿದೆ: ಟೋಳಿ, ಟ್ರ್ಯಾಕ್ಟರ್ ಎಲ್ಲ ಯಡೂರಿಗೆ. ಉಗಾರಕ್ಕೆ ಹೇಳಿದೆ: ಇವತ್ತು ನಿಮ್ಮದು ಕಡಿಯಬೇಡಿ. ಹೊತ್ತು ಮುಳುಗುವ ಮುನ್ನ ಸುಟ್ಟ ಕಬ್ಬೆಲ್ಲ ಯಾರ್ಡಿಗೆ ಬಂತು. ಹೊಲದ ಯಜಮಾನ ಮಸಿ ಮುಖದಲ್ಲೇ ಬಂದು ಅಧ್ಯಕ್ಷರ ಕೈ ಹಿಡಿದ. ಅಧ್ಯಕ್ಷರು ನನ್ನ ಬೆನ್ನು ಚಪ್ಪರಿಸಿದರು. ನೋಯುವ ಜಾಗಕ್ಕೇ ಬಿತ್ತು, ಆದರೂ ಹಿತವಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಧ್ಯಕ್ಷರಿಗೆ ಡಬ್ಬಿಯ ರುಚಿ ಹತ್ತಿತು. ದಿನಾ ಬೆಳಿಗ್ಗೆ ಬಂದು ಎಲ್ಲ ಊರಿನವರಿಗೂ ಒಟ್ಟಿಗೆ ಭಾಷಣ ಕೊಡತೊಡಗಿದರು. ಮೊದಲ ದಿನ ಎರಡು ಮಾತಾಡಿ ನಿಂತರು. ಡಬ್ಬಿ ನೋಡಿದರು. "ಯಾರೂ ಹೂಂ ಅನ್ನವಲ್ರಲ್ಲಾ?" ಎಂದು ನನ್ನತ್ತ ತಿರುಗಿದರು. ನಾನು ಅಂದೆ, "ಹೂಂ ರೀ." ಅಂದಿನಿಂದ ಆ ಹುದ್ದೆ ನನ್ನದಾಯಿತು. ಒಂದು ರೀತಿಯಲ್ಲಿ ಸುಖವೇ. ಮೋಟಾರ್ ಸೈಕಲ್ಲಿಗೆ ಗೋಣಿತಟ್ಟು ಹೊದಿಸಿದೆ, ಬೆನ್ನು ನೆಟ್ಟಗಾಗುತ್ತಾ ಬಂತು. ಅವರು ಏನು ಹೇಳುತ್ತಾರೆಂದು ಕೇಳುವುದನ್ನೂ ಬಿಟ್ಟೆ. ದನಿ ಇಳಿದಾಗ ಹೂಂ ಅಂದರೆ ಆಯಿತು.

ಒಂದು ಬೆಳಿಗ್ಗೆ ಭಾಷಣ ಮುಗಿಸಿ ಅವರು ನನ್ನ ಕೈ ಕುಲುಕಿದರು. "ಭಲೇ ಸಾಹೇಬ್ರ! ದಿನಾ ಎಲ್ಲಾ ಊರಿಗೆ ಹೋಗಿ ಡಬ್ಬಿ ಸರಿ ನಡದಾವೋ ಇಲ್ಲೋ ನೋಡಿ ಬರೂ ಮನಷಾ ಒಬ್ಬ ಬೇಕಾಗ್ಯಾನ, ಮೋಟಾರ್ ಸೈಕಲ್ ಮ್ಯಾಲೆ ನೀವs ಹೋಗ್ತೀರೇನು ಅಂದೆ. ಕೇಳೂದs ತಡ, ಹೂಂ ಅಂದ್ರಿ. ಎಲ್ಲಾ ಊರಿನ ಮಂದಿ ಕೇಳ್ಯಾರ."

ಡಬ್ಬಿಯಿಂದ ಅಣ್ಣಪ್ಪನ ದನಿ ಬಂತು: "ಬರ್ರಿ ಸಾಹೇಬ್ರ, ಚಹಾ ಇಟ್ಟಿರ್ತೀನಿ. ಓವರ್ ರೀ."

ಆ ಸಂಜೆ ಮತ್ತೆ ಬೋರಲು ಬಿದ್ದಿದ್ದೆ. ಸುಮಿತ್ರಾ ಉಪ್ಪಿನ ಗಂಟನ್ನು ಎಂದಿಗಿಂತ ತುಸು ಗಟ್ಟಿಯಾಗಿಯೇ ಒತ್ತುತ್ತಾ ಕೇಳಿದಳು, "ಮಂದಿ ಹೇಳಿದ್ದು ಕಿವ್ಯಾಗ ಹಾಕ್ಕೊಳ್ಳದ ಹೂಂ ಅಂತಾರಂದ್ರ ಅವರು ಶ್ಯಾಣ್ಯಾರೇನ್ರಿ, ದಡ್ಡರೇನ್ರಿ? ದಡ್ಡರs ಹೌದಲ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮೂಲೆಯಿಂದ ಅವ್ವ ಅಂದಳು, "ಹೂಂ."