ಮೊದಲ ಆಯ್ಕೆ, ಆರನೆಯ ಸಾಲು

ಅನಂತರಾಮನ ಆ ಭಾನುವಾರ ಕೆಡುವುದಕ್ಕೆ ಅವನ ಕಿವಿಗಳೇ ಕಾರಣ.

ಅವನ ತಂದೆ ಹರಿಹರದಲ್ಲಿ ಪೋಸ್ಟ್ ಮಾಸ್ಟರು. ಸಂಜೆಯಾದರೆ ದೇವಸ್ಥಾನದಲ್ಲಿ ಒಬ್ಬರು ಪದ್ಯ ವಾಚಿಸುವರು, ಇವರು ಅರ್ಥ ಹೇಳುವರು. ಕಂಬಕ್ಕೊರಗಿ ಅದನ್ನು ಕೇಳುತ್ತ ಬೆಳೆದ ಹುಡುಗನಿಗೆ ಬಾಯಿಗಿಂತ ಮೊದಲೇ ಕಿವಿ ಬಲಿತುಬಿಟ್ಟಿತ್ತು. ಯಾರು ಏನೇ ಹೇಳಿದರೂ ನಡುವೆ ಬಾಯಿ ಹಾಕದೆ ಕೇಳಿ, ಮುಗಿದ ಮೇಲೆ "ನೀವು ಹೇಳೋದೇ ಸರಿ" ಎನ್ನುವುದು ಅವನ ಅಭ್ಯಾಸ. ಹರಿಹರದಲ್ಲಿ ಇದರಿಂದ ಯಾರಿಗೂ ಕೇಡಾಗಿರಲಿಲ್ಲ. ನೆದರ್‌ಲೆಂಡ್ಸಿಗೆ ಬಂದು, ನ್ಯೂವೆಗೈನ್‌ನಲ್ಲಿ ಮನೆ ಮಾಡಿ, ಇಸವಿ ಎರಡು ಸಾವಿರ ಹುಟ್ಟಿದ ಕೂಡಲೇ ಕಂಪ್ಯೂಟರುಗಳಿಗೆ ಬುದ್ಧಿಭ್ರಮಣೆಯಾಗದಂತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೆ, ಇದೇ ಮಾತನ್ನು ಅವನು ಒಂದೇ ವಾರದಲ್ಲಿ ಆಲ್ಮೆರೆಯ ಅರವಿಂದನಿಗೂ ಹೇಳಿದ, ವೆಲ್ಡ್‌ಹೋವನ್‌ನ ವಾಸಂತಿಗೂ ಹೇಳಿದ.

ಅರವಿಂದ, ವಾಸಂತಿ ಇಬ್ಬರೂ ಇಲ್ಲಿಗೆ ಬರುವ ಮುಂಚೆ ಮೆಲ್ಬರ್ನ್‌ನಲ್ಲಿ ಒಂದೇ ಆಫೀಸಿನಲ್ಲಿದ್ದವರು. ಬರುವಾಗ ಅಲ್ಲಿಂದ ಒಂದು ರೋಗವನ್ನೂ ಹತ್ತಿಸಿಕೊಂಡು ಬಂದಿದ್ದರು: ಆಸ್ಟ್ರೇಲಿಯನ್ ಫುಟ್‌ಬಾಲು, ಅದರಲ್ಲೂ ವಾರಿನ್‌ಡೇಲ್ ಎಂಬ ಕ್ಲಬ್ಬು. ಆ ಆಟದಲ್ಲಿ ವರ್ಷದ ಕೊನೆಗೆ ಡ್ರಾಫ್ಟ್ ಎಂದು ನಡೆಯುತ್ತದೆ. ಹೊಸ ಹುಡುಗರನ್ನು ಕ್ಲಬ್ಬುಗಳು ಸರದಿಯಂತೆ ಆರಿಸಿಕೊಳ್ಳಬೇಕು. ಎಲ್ಲರಿಗಿಂತ ಕೆಳಗೆ ಬಂದವರಿಗೆ ಮೊದಲ ಆಯ್ಕೆ. ಆ ವರ್ಷ ವಾರಿನ್‌ಡೇಲ್ ಎಷ್ಟು ಅಚ್ಚುಕಟ್ಟಾಗಿ ಸೋತಿತ್ತೆಂದರೆ ಮೊದಲ ಆಯ್ಕೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ತೆಂಗಿನ ಮರದಂಥ ಡ್ರಿಸ್ಕಲ್‌ನನ್ನೇ ಆರಿಸಬೇಕು ಎಂದು ಅರವಿಂದ. ಅಳಿಲಿನಂಥ ಪ್ಯಾಸ್ಕೋ ಸಿಕ್ಕರೆ ಇನ್ನು ಯಾರೂ ಬೇಡ ಎಂದು ವಾಸಂತಿ. ಮಾತು ಬೆಳೆದು, ಅರವಿಂದ ಇರುವ ಕೋಣೆಗೆ ತಾನು ಕಾಲಿಡುವುದಿಲ್ಲ ಎಂದುಬಿಟ್ಟಿದ್ದಳು. ಅನಂತರಾಮ ತಮ್ಮ ಪಕ್ಷದವನೆಂದು ಇಬ್ಬರೂ ನಂಬಿದ್ದರು. ಅನಂತರಾಮ ಆ ಚೆಂಡನ್ನೇ ಕಂಡವನಲ್ಲ.

ಅವನಿಗೆ ಬೇಕಾಗಿದ್ದದ್ದು ಬೇರೆ. ವಾಸಂತಿಯ ತಂದೆ ಬಸವಲಿಂಗಪ್ಪನವರು ಮಗಳ ಮನೆಗೆ ಬಂದಿದ್ದರು. ಹರಿಹರದ ದೇವಸ್ಥಾನದಲ್ಲಿ ಪದ್ಯ ವಾಚಿಸುತ್ತಿದ್ದವರು ಇವರೇ. ಆದರೆ ಪ್ರತಿ ಸಂಜೆ ಕೊನೆಯಲ್ಲಿ ಅನಂತರಾಮನ ತಂದೆ ತಾವೇ ಒಂದು ಷಟ್ಪದಿ ಹಾಡುತ್ತಿದ್ದರು. ಅವರ ಗುರುಗಳು ಕಟ್ಟಿದ್ದು, ಎಲ್ಲೂ ಅಚ್ಚಾಗದ್ದು. ಐದನೆಯ ಸಾಲು ಬಂತೆಂದರೆ ಹುಡುಗ ಅನಂತರಾಮ ಪ್ರಸಾದದ ಕೋಸಂಬರಿಯ ಪಾತ್ರೆಯ ಮುಂದೆ ಮೊದಲಿಗನಾಗಲು ಓಡುತ್ತಿದ್ದ. ತಂದೆ ಹೋದರು. ಈಗ ದಿನಾ ದೇವರ ಮುಂದೆ ಕೂತು ಆ ಪದ್ಯ ಹೇಳುತ್ತಾನೆ. ಐದು ಸಾಲು ಸರಾಗ. ಆಮೇಲೆ ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟವನ ಪಾಡು. ದೇವರೊಂದಿಗೆ ಮಾತಾಡುತ್ತಿದ್ದವನು ಅರ್ಧಕ್ಕೇ ಎದ್ದುಬಂದಂತೆ ದಿನವಿಡೀ ಸಂಕಟ. ಆ ಸಾಲು ಗೊತ್ತಿರಬಹುದಾದವರು ಇನ್ನು ಬಸವಲಿಂಗಪ್ಪನವರೊಬ್ಬರೇ. ಅದು ಫೋನಿನಲ್ಲಿ ಕೇಳುವ ವಸ್ತುವಲ್ಲ, ಶ್ರುತಿಗೆ ಕೂಡಿಸಿ ಕೇಳಬೇಕು. ಅವರೋ ಸೋಮವಾರ ಬೆಳಿಗ್ಗೆ ಊರಿಗೆ ಹೊರಡುವವರು. ಭಾನುವಾರ ಮಧ್ಯಾಹ್ನ ಕರೆತರುತ್ತೇನೆಂದು ವಾಸಂತಿ ಒಪ್ಪಿದ್ದಳು. ಗೊತ್ತಿದ್ದವರಲ್ಲಿ ಕರೆಂಟಿನ ಶ್ರುತಿ ಪೆಟ್ಟಿಗೆ ಇದ್ದದ್ದು ಅರವಿಂದನ ಹತ್ತಿರ ಮಾತ್ರ.

"ಇಬ್ಬರಿಗೂ ಸರಿ ಅಂದ್ರೆ ಇಬ್ಬರೂ ಬರ್ತಾರೆ. ಬಂದ್ಮೇಲೆ ಯಾರನ್ನ ಎಲ್ಲಿ ಬಚ್ಚಿಡ್ತೀರಿ?" ಎಂದು ಹೆಂಡತಿ ರಜನಿ ಹೆಸರುಬೇಳೆ ನೆನೆಹಾಕುತ್ತ ಕೇಳಿದಳು.

"ಪೆಟ್ಟಿಗೆ ಒಂದನ್ನೇ ಇಸ್ಕೊಂಡು ಬರ್ತೀನಿ ಕಣೆ."

ಹೊರಡುವ ಮುಂಚೆ ಕೆಳಗಿನ ಮನೆಯ ಮೆವ್ರಾವ್ (ಡಚ್ಚರ ‘ಶ್ರೀಮತಿ’) ಫಿಸರ್ ಅವರ ಬಾಗಿಲು ತಟ್ಟಿದ. ಭಾನುವಾರ ಒಂದು ಚಮಚ ಬಿದ್ದರೂ ಮಹಡಿ ಹತ್ತಿ ಬರುವ ಹೆಂಗಸು. ಸಿಂಟರ್‌ಕ್ಲಾಸ್ ಹಬ್ಬದ ದೊಡ್ಡ ಚಾಕೊಲೇಟನ್ನು ಕೈಗಿಟ್ಟು, ಮಧ್ಯಾಹ್ನ ನಮ್ಮ ದೇವರ ಪದ್ಯ ಹಾಡುತ್ತೇವೆ, ದಯವಿಟ್ಟು ಸಹಿಸಬೇಕು ಎಂದು ಬೇಡಿಕೊಂಡ. ಆಕೆ ಚಾಕೊಲೇಟನ್ನು ತಿರುಗಿಸಿ ನೋಡಿ, ದೇವರ ಕೆಲಸವಾದರೆ ಆಗಲಿ ಎಂದಳು.

ಆಲ್ಮೆರೆಯಲ್ಲಿ ಪೆಟ್ಟಿಗೆ ಮೇಜಿನ ಮೇಲೇ ಇತ್ತು. ಆದರೆ ಅದರ ಸುತ್ತ ಆಟದ ಮೈದಾನ ಎದ್ದಿತ್ತು. ಉಪ್ಪಿನ ಡಬ್ಬಿ, ಉಪ್ಪಿನಕಾಯಿ ಬಾಟಲಿ, ಎರಡು ಚಮಚ ಆಟಗಾರರು. ಎಲ್ಲಕ್ಕಿಂತ ಎತ್ತರದ ಎಣ್ಣೆಯ ಶೀಸೆ ಡ್ರಿಸ್ಕಲ್. ಡ್ರಿಸ್ಕಲ್ ಇಲ್ಲದಿದ್ದರೆ ಚೆಂಡು ಎತ್ತ ಹೋಗುತ್ತದೆ, ಇದ್ದರೆ ಎತ್ತ ಹೋಗುತ್ತದೆ ಎಂದು ಅರವಿಂದ ಒಂದೊಂದಾಗಿ ಸರಿಸಿ ತೋರಿಸಿದ. ಡ್ರಾಫ್ಟ್ ಮೆಲ್ಬರ್ನ್‌ನಲ್ಲಿ ಆಗಲೇ ಮುಗಿದಿತ್ತು. ಅಲ್ಲಿದ್ದ ಅವನ ಭಾವ ಫೋನ್ ಮಾಡಿ ಹೇಳುವುದಷ್ಟೇ ಬಾಕಿ. ಅನಂತರಾಮ ಕೇಳಿದ. ಉಪ್ಪು ಉಪ್ಪಿನಕಾಯಿಗೆ ಡಿಕ್ಕಿ ಹೊಡೆಯುವವರೆಗೂ ಕೇಳಿದ. ಕೊನೆಗೆ, "ನೀವು ಹೇಳೋದೇ ಸರಿ. ಪೆಟ್ಟಿಗೆ..." ಎಂದ.

"ಪೆಟ್ಟಿಗೆ ಜೊತೆ ನಾನೂ ಬರ್ತೀನಿ," ಎಂದು ಅರವಿಂದ ಕೋಟು ತೊಟ್ಟೇಬಿಟ್ಟ. "ಇಂಥಾ ದಿನ ಒಬ್ಬನೇ ಕೂರೋಕಾಗಲ್ಲ. ನಿನ್ನಂಗೆ ಆಟ ಅರ್ಥ ಆಗೋನು ಈ ದೇಶದಲ್ಲಿ ಇನ್ನೊಬ್ಬ ಇಲ್ಲ. ಭಾವನಿಗೆ ನಿಮ್ಮನೆ ನಂಬರೇ ಕೊಡ್ತೀನಿ."

ಅರವಿಂದನ ಕಾರಿನಲ್ಲಿ ದಾರಿಯುದ್ದಕ್ಕೂ ಡ್ರಿಸ್ಕಲ್‌ನ ಮೊಣಕಾಲಿನ ಆರೋಗ್ಯ. ವಾಸಂತಿಯೂ ಬರುವ ವಿಷಯವನ್ನು ಮನೆಯ ಮೆಟ್ಟಿಲ ಬುಡದಲ್ಲಿ ಹೇಳಿದಾಗ ಅರವಿಂದನ ಮುಖ ಹೊರಗೆ ಮರೆತ ಹಾಲಿನಂತಾಯಿತು. ಅಷ್ಟರಲ್ಲಿ ಅವಳ ಕಾರು ಕಾಲುವೆಯ ತಿರುವಿನಲ್ಲಿ ಕಾಣಿಸಿತು. ಯೋಚಿಸಲು ಹೊತ್ತಿರಲಿಲ್ಲ. ಅನಂತರಾಮ ಅರವಿಂದನನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ಅಡಿಗೆಮನೆಗೆ ನೂಕಿ ಬಾಗಿಲು ಎಳೆದ. ಫೋನೂ ಅಲ್ಲೇ ಇದೆಯಲ್ಲ ಎಂದು ಅರವಿಂದ ಸಮಾಧಾನಪಟ್ಟುಕೊಂಡ.

ವಾಸಂತಿ ಒಳಗೆ ಬಂದವಳೇ, ಇನ್ನೂ ಶೂ ಬಿಚ್ಚುವ ಮೊದಲೇ, ಪ್ಯಾಸ್ಕೋನ ಓಟದ ಬಗ್ಗೆ ಹೊಸ ಸಮಾಚಾರ ಹೇಳಿದಳು. "ಪಾಪ ಅಪ್ಪ ನಮ್ಜೊತೆ ಮೆಲ್ಬರ್ನ್‌ನಲ್ಲಿದ್ದಾಗ ಅವ್ರನ್ನೂ ಎರಡು ವರ್ಷ ಪ್ರತಿ ಮ್ಯಾಚಿಗೆ ಎಳ್ಕೊಂಡು ಹೋಗ್ತಿದ್ದೆ. ಒಂದು ಮಾತಿಲ್ಲ, ಸುಮ್ನೆ ಕೂತಿರ್ತಿದ್ರು," ಎಂದು ನಕ್ಕು, ತಂದೆಯ ಕಡೆ ತಿರುಗಿದಳು. "ಅಪ್ಪಾ, ಇವ್ರಿಗೆ ಇವರಪ್ಪ ಹಾಡ್ತಿದ್ದ ಪದ್ಯ ಪೂರ್ತಿ ಕೇಳ್ಬೇಕಂತೆ. ಅದೊಂದಕ್ಕೇ ಕಾಯ್ತಿದಾರೆ."

ಬಸವಲಿಂಗಪ್ಪನವರು ಮಫ್ಲರು ಮುಟ್ಟಿ ನೋಡಿಕೊಂಡು, ಕುಡಿಯಲು ನೀರು ಕೇಳಿದರು.

ಜಮಖಾನೆಯ ಮೇಲೆ ಕೂತರು. ಗೋಡೆಯ ಆಚೆಯಿಂದ ಶ್ರುತಿ ಬಂತು. ಪೆಟ್ಟಿಗೆ ಎದುರಿಗಿದ್ದರೆ ಗದ್ದಲ, ಅದಕ್ಕೆ ಒಳಗಿಟ್ಟಿದ್ದೇನೆ ಎಂದು ಅನಂತರಾಮ ಹೇಳಿದ. ಹಿರಿಯರು ಕಣ್ಣು ಮುಚ್ಚಿದರು, ಕೆಮ್ಮಿದರು, ಶ್ರುತಿಯನ್ನು ಅರ್ಧ ಮನೆ ಏರಿಸಬೇಕು ಎಂದರು. ರಜನಿ ಅಡಿಗೆಮನೆಗೆ ಹೋಗಿ ಬಂದಳು, ಶ್ರುತಿ ಏರಿತು. ಹೆಚ್ಚಾಯಿತು ಎಂದರು, ರಜನಿ ಮತ್ತೆ ಹೋದಳು, ಇಳಿಯಿತು. ಚಳಿಗೆ ಸ್ವರ ಕೂಡುವುದಿಲ್ಲ ಎಂದು ಇನ್ನೊಂದು ಲೋಟ ಬಿಸಿನೀರು ಕುಡಿದರು. ಅನಂತರಾಮ ಕೈಮುಗಿದು ಕೂತಿದ್ದ. ಆರನೆಯ ಸಾಲು ಅವರ ಗಂಟಲಲ್ಲೇ, ಮಫ್ಲರಿನ ಹಿಂದೆ ಒಂದು ಗೇಣು ದೂರದಲ್ಲಿತ್ತು. ಅವರು ಬಾಯಿ ತೆರೆದರು.

ಫೋನು ಬಡಿದುಕೊಂಡಿತು.

ಮರುಗಳಿಗೆ ಅಡಿಗೆಮನೆಯ ಬಾಗಿಲು ತೆರೆದು ಅರವಿಂದ ಹೊರಗೆ ಬಂದ. ಕೈಯಲ್ಲಿ ಫೋನಿನ ರಿಸೀವರು, ಹಿಂದೆ ಅದರ ಸುರುಳಿ ತಂತಿ. ತಾನು ಬಚ್ಚಿಟ್ಟುಕೊಂಡಿದ್ದೇನೆ ಎಂಬುದು ಅವನಿಗೆ ಮರೆತೇಹೋಗಿತ್ತು.

"ವಾಸಂತೀ, ಡ್ರಿಸ್ಕಲ್ಲೂ ಇಲ್ಲ, ಪ್ಯಾಸ್ಕೋನೂ ಇಲ್ಲ. ಮೊದಲ ಪಿಕ್ಕನ್ನೇ ಬೇರೆ ಕ್ಲಬ್ಬಿಗೆ ಕೊಟ್ಬಿಟ್ರು. ಬದಲಿಗೆ ಒಬ್ಬ ಮುದುಕನ್ನ ತಗೊಂಡವ್ರೆ. ಅವನಿಗೆ ಭುಜ ಬೇರೆ ಸರಿ ಇಲ್ವಂತೆ."

ವಾಸಂತಿ ಅವನನ್ನು ನೋಡಿದಳು. ಅವನಿರುವ ಕೋಣೆಗೆ ಕಾಲಿಡದ ಶಪಥ ಹೊಸ್ತಿಲಲ್ಲೇ ಬಿತ್ತು. ಒಂದೇ ಮನೆಯಲ್ಲಿ ಸಾವಾದವರಂತೆ ಇಬ್ಬರೂ ಸೋಫಾದ ಮೇಲೆ ಪಕ್ಕಪಕ್ಕ ಕುಸಿದರು. ಇನ್ನೇನು, ಎರಡು ನಿಮಿಷ ಅತ್ತು ಸುಮ್ಮನಾಗುತ್ತಾರೆ ಎಂದು ಅನಂತರಾಮ ಬಸವಲಿಂಗಪ್ಪನವರ ಕಡೆ ಆಸೆಯಿಂದ ತಿರುಗಿದ.

ಹಿರಿಯರು ಎದ್ದು ನಿಂತಿದ್ದರು.

"ಆ ಮಂದಿಗೆ ತಲಿ ಕೆಟ್ಟದೇನು?" ಎಂದರು, ದೇವಸ್ಥಾನದ ಕೊನೆಯ ಕಂಬಕ್ಕೂ ಮುಟ್ಟುವ ಕಂಠದಲ್ಲಿ. "ನಡುಮೈದಾನ ಬರಿದಾಗಿ ಬಿದ್ದದ. ಎಡಗಾಲಿಂದ ಒದಿಯವ ಒಬ್ಬನೂ ಇಲ್ಲ. ಮುದುಕನ್ನ ತಗೊಂಡು ಏನ್ ಮಾಡ್ತಾರ, ಪಲ್ಲಕ್ಕಿ ಹೊರಿಸ್ತಾರೇನು?"

ಆಮೇಲೆ ಅವರು ನಿಲ್ಲಲಿಲ್ಲ. ಮೂರು ವರ್ಷದ ಹಿಂದೆ ಕ್ಲಬ್ಬು ಆರಿಸಿದವರು ಯಾರು, ಬಿಟ್ಟವರು ಯಾರು, ಬಿಟ್ಟವರು ಬೇರೆಡೆ ಹೋಗಿ ಏನೇನಾದರು ಎಂದು ವಂಶಾವಳಿಯ ಹಾಗೆ ಒಪ್ಪಿಸಿದರು. ಡ್ರಿಸ್ಕಲ್‌ನ ಪಕ್ಷವನ್ನೂ ಪ್ಯಾಸ್ಕೋನ ಪಕ್ಷವನ್ನೂ ಎತ್ತಿ, ಎರಡನ್ನೂ ಖಂಡಿಸಿ, ಟಾಸ್ಮೇನಿಯಾದ ಇನ್ನೊಬ್ಬ ಹುಡುಗನನ್ನು ಸ್ಥಾಪಿಸಿದರು. ಅರವಿಂದ ಎದ್ದು ವಾದಿಸಿದ, ವಾಸಂತಿ ಕೂಗಿದಳು, ಮುದುಕರ ಧ್ವನಿ ಇಬ್ಬರ ಮೇಲೂ ಹತ್ತಿ ಹೋಯಿತು. ವಾಸಂತಿ ಬಾಯಿ ತೆರೆದುಕೊಂಡು, "ಅಪ್ಪಂಗೆ ಇಷ್ಟೆಲ್ಲಾ ಗೊತ್ತಾ?" ಎಂದಳು. ಅನಂತರಾಮ ನಡುವೆ ಬಾಯಿ ಹಾಕುವುದನ್ನು ಕಲಿತವನಲ್ಲ, ಕೂತು ಕೇಳಿದ. ಗೋಡೆಯ ಆಚೆ ಶ್ರುತಿ ನಡೆದೇ ಇತ್ತು. ಕಿಟಕಿಯ ಹೊರಗೆ ನವೆಂಬರಿನ ಬೆಳಕು ಇಳಿದು ಬೀದಿದೀಪ ಹತ್ತುವ ಹೊತ್ತಿಗೆ ಬಸವಲಿಂಗಪ್ಪನವರ ಗಂಟಲು ಪೂರ್ತಿ ಕೂತಿತ್ತು.

ವಾಸಂತಿ ನಾಳೆಯ ಪ್ರಯಾಣ ನೆನೆದು ಎದ್ದಳು. ಕಾರಿನ ಗಾಜಿನ ಮೇಲಿನ ಮಂಜು ಕೆರೆಯಲು ಅವಳೂ ಅರವಿಂದನೂ ಕ್ಲಬ್ಬಿಗೆ ಶಾಪ ಹಾಕುತ್ತ ಕೆಳಗಿಳಿದರು. ಮೆಟ್ಟಿಲಲ್ಲಿ ಎದುರಾದ ಮೆವ್ರಾವ್ ಫಿಸರ್ ಮೇಲೆ ಬಂದು ಅನಂತರಾಮನ ಕೈ ಹಿಡಿದಳು. ಇಷ್ಟು ಭಕ್ತಿಯಿಂದ ಹಾಡುವವರನ್ನು ತಾನು ಚರ್ಚಿನಲ್ಲೂ ಕೇಳಿಲ್ಲ, ಕೊನೆಯ ಭಾಗವಂತೂ ಕಣ್ಣಲ್ಲಿ ನೀರು ತರಿಸಿತು ಎಂದು ಹೇಳಿ ಹೋದಳು.

ಹೊಸ್ತಿಲಲ್ಲಿ ಈಗ ಇಬ್ಬರೇ. ಅನಂತರಾಮ ಹಿರಿಯರಿಗೆ ಕೋಟು ತೊಡಿಸುತ್ತ, ಜೀವಮಾನದಲ್ಲಿ ಮೊದಲ ಸಲ, ಯಾರೂ ಕೇಳದಿದ್ದರೂ ಬಾಯಿ ತೆರೆದ. ಐದು ಸಾಲನ್ನು ಮೆಲ್ಲಗೆ ಹೇಳಿ ನಿಲ್ಲಿಸಿದ. "ಆರನೇದು ಒಂದು ಹೇಳ್ಬಿಡಿ. ರಾಗ ಬೇಡ. ಪಿಸುಮಾತಲ್ಲಿ ಹೇಳಿದ್ರೂ ಸಾಕು."

ಬಸವಲಿಂಗಪ್ಪನವರು ಗುಂಡಿ ಹಾಕಿಕೊಳ್ಳುತ್ತಿದ್ದ ಕೈ ನಿಲ್ಲಿಸಿದರು.

"ಅದು ನಿಮ್ಮ ತಂದಿಯವರ ಪದ್ಯ," ಎಂದರು, ಕಾಗದ ಹರಿದಂಥ ದನಿಯಲ್ಲಿ. "ನಾ ಒಮ್ಮೀನೂ ಹಾಡಿಲ್ಲ. ಅವರು ಆ ಸಾಲಿಗೆ ಬರೂದರಾಗ ನಾ ಮಂಗಳದ ಹಾಡಿಗೆ ಗಂಟಲ ಸರಿ ಮಾಡ್ಕೊಳ್ಳಾಕ ಹತ್ತಿರ್ತಿದ್ದೆ. ಇಪ್ಪತ್ತು ವರ್ಷ ಪಕ್ಕದಾಗ ಕೂತು ಕೇಳಲೇ ಇಲ್ಲ. ಪೋಸ್ಟ್ ಮಾಸ್ತರ ಮಗ ಈ ದೇಶದಾಗ ಅದಾನ ಅಂತ ವಾಸಂತಿ ಅಂದಾಗಿಂದ ಒಂದ ಆಸೆ ಇತ್ತು. ಅವನಿಗೆ ಬರ್ತಿರ್ಬೇಕು, ಕೇಳ್ಕೊಂಡು ಹೋಗೂಣು ಅಂತ. ಬಾಗಿಲಾಗ ಕಾಲಿಟ್ಟರ, ನೀವಽ ನನ್ನ ಕೇಳಾಕ ಕುಂತೀರಂತ."

ಅನಂತರಾಮ ಅವರ ಕೋಟಿನ ಕಾಲರು ಸರಿಪಡಿಸಿದ. "ಮತ್ತೆ ಆ ಫುಟ್‌ಬಾಲು?" ಎಂದ.

"ನನಗ ಆ ಆಟ ತಿಳೀತದ ಅಂತ ಮಾಡೀರೇನು? ಅಲ್ಲಿ ಎರಡು ವರ್ಷ ನಮ್ಮ ಹಿಂದಿನ ಬೆಂಚಿನ್ಯಾಗ ಕುಂತವರು ಒದರಿದ್ದು, ಈಗ ವಾಸಂತಿ ಫೋನಿನ್ಯಾಗ ಜಗಳಾಡಿದ್ದು, ಎಲ್ಲಾ ಕಿವ್ಯಾಗ ಬಿದ್ದಿತ್ತು. ನಿಮ್ಮ ಮುಂದ ಬರೂದಿಲ್ಲ ಅನ್ನಾಕ ನಾಚಿಕಿ ಆತು. ಅದನ್ನ ಒಪ್ಪಿಸಿ ಹೊತ್ತು ಕಳದೆ." ಅವರು ಅವನ ಭುಜದ ಮೇಲೆ ಕೈಯಿಟ್ಟರು. "ಬ್ಯಾಡಾದದ್ದೆಲ್ಲಾ ನೆನಪಿರ್ತದ ನೋಡ್ರಿ."

ಕೆಳಗೆ ಕಾರಿನ ಹಾರನ್ನು ಕೇಳಿಸಿತು. ಅವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದುಹೋದರು.

ಅರವಿಂದನೂ ಪೆಟ್ಟಿಗೆ ಮರೆತು ಅತ್ತಲೇ ಹೊರಟುಹೋದ. ಅದು ಅಡಿಗೆಮನೆಯಲ್ಲಿ ಹಾಡದ ಪದ್ಯಕ್ಕೆ ಶ್ರುತಿ ಹಿಡಿದುಕೊಂಡೇ ಕೂತಿತ್ತು. ಅನಂತರಾಮ ಅದರ ಮುಂದೆ ಕುರ್ಚಿ ಎಳೆದುಕೊಂಡ. ರಜನಿ ಕೋಸಂಬರಿಯ ಪಾತ್ರೆಯನ್ನು ಹಾಗೇ ತಂದು ಅವನ ಮುಂದೆ ಇಟ್ಟಳು. ಯಾರೂ ಒಂದು ಚಮಚವನ್ನೂ ಮುಟ್ಟಿರಲಿಲ್ಲ. ಇವತ್ತು ಅದಕ್ಕಾಗಿ ಓಡಬೇಕಾಗಿರಲಿಲ್ಲ.