ಹುಣಸೆಬೀಜದ ಬಣ್ಣದ ಪಟ್ಟಿ

ಅಣ್ಣ ಆರೋಗ್ಯವಾಗಿದ್ದ ಕೊನೆಯ ದಿನ ನಾವಿಬ್ಬರೂ ಜಗಳವಾಡಿದ್ದು ಒಂದು ಮರದ ಪಟ್ಟಿಯ ಸಲುವಾಗಿ. ಮುಂದಾಗುವುದು ಗೊತ್ತಿದ್ದರೆ ಇನ್ನಷ್ಟು ಘನವಾದ ವಿಷಯವನ್ನು ಆರಿಸಿಕೊಳ್ಳುತ್ತಿದ್ದೆನೇನೋ. ಕರ್ನಾಟಕ ಒಂದಾಗುವ ಹಿಂದಿನ ವರ್ಷ ಅದು. ಅಣ್ಣ ಗದಗಿನಲ್ಲಿ ವಕೀಲ. ಸ್ವಾತಂತ್ರ್ಯ ಬಂದ ವರ್ಷ, ದೇಶ ಬಿಟ್ಟು ಹೊರಟ ಸಾಹೇಬನೊಬ್ಬನ ಹಳೆಯ ಕಾರನ್ನು ಕೊಂಡಿದ್ದ. ಅದರ ಕಿಟಕಿಗಳ ಕೆಳಗೆ ಉದ್ದಕ್ಕೂ ಒಂದು ಮರದ ಪಟ್ಟಿ, ಅದಕ್ಕೆ ಹುಣಸೆಬೀಜದ ಬಣ್ಣ. ಅಂದು ಶಿರಹಟ್ಟಿಯಿಂದ ಬರುವಾಗ ಚಕ್ಕಡಿಯ ಗಾಲಿ ತಾಗಿ ಅವನ ಬಾಗಿಲಿನ ಪಟ್ಟಿ ಮುರಿಯಿತು. ಬಡಿಗನ ಬಳಿ ಒಯ್ಯೋಣ ಎಂದೆ. ಅವನು ಕೇಳದೆ ಸೆಣಬಿನ ಹುರಿಯಿಂದ ಬಿಗಿದ. "ಲೇ ಶಾಮ್ಯಾ, ನಾಡು ಒಂದಾಗಾಕ ಹತ್ತೈತಿ, ಈ ಪಟ್ಟಿ ಒಂದಾಗೂದಿಲ್ಲೇನು?" ಎಂದು ಗಾಡಿ ಬಿಟ್ಟ. ದಾರಿಯಲ್ಲಿ ಮೂರು ಸಲ ಎಲೆ ಹಾಕಿಕೊಂಡ. ಮೂರು ಸಲವೂ ಸುಣ್ಣದ ಬೆರಳನ್ನು ಕಿಟಕಿಯಾಚೆ ಆ ಪಟ್ಟಿಗೇ ಒರೆಸಿದ. ಕೋರ್ಟಿನಲ್ಲಿ ಅಷ್ಟು ಶಿಸ್ತಿನವನಿಗೆ ಇದೊಂದು ಚಟ. ಅವನ ಹೆಂಡತಿ, ನಮ್ಮ ವೈನಿ, ವಾರಕ್ಕೊಮ್ಮೆ ಒದ್ದೆ ಬಟ್ಟೆ ಹಿಡಿದು, ಬೈಯುತ್ತ ತಿಕ್ಕುತ್ತಿದ್ದರು. ಆ ವಾರ ತಿಕ್ಕಲಾಗಲಿಲ್ಲ. ಮರುದಿನ ಅಣ್ಣನಿಗೆ ಜ್ವರ ಬಂತು, ಹತ್ತು ದಿನಕ್ಕೆ ಹೋಗಿಬಿಟ್ಟ.

ವೈನಿ ಮಾತೇ ಬಿಟ್ಟರು. ಊಟಕ್ಕೆ ಕರೆದರೆ ಬರುವರು, ಎರಡು ತುತ್ತು ತಿಂದು ಏಳುವರು. ಮೂರು ತಿಂಗಳ ಮೇಲೆ ಅಂಗಳದಲ್ಲಿ ನಿಂತ ಕಾರನ್ನು ನೋಡಿ, "ಶಾಮಣ್ಣ, ಅವರಿದ್ದಾಗ ಹೆಂಗಿತ್ತೋ ಹಂಗ ಮಾಡಸ್ರಿ" ಎಂದರು. ಅವರು ಕೇಳಿದ್ದು ಅದೊಂದೇ. ಅದೂ ಕೆಟ್ಟರೆ ಮತ್ತೆ ಬಾಯಿ ತೆರೆಯಲಾರರೆಂದು ನನಗೆ ಭಯ.

ಪಟ್ಟಿಯನ್ನು ಬಿಚ್ಚಿಕೊಂಡು ಬೆಟಗೇರಿಯ ಮೌನೇಶಪ್ಪನ ಬಳಿ ಹೋದೆ. ತೊಟ್ಟಿಲು ಮಾಡಿ ಬಣ್ಣ ಹಚ್ಚುವುದರಲ್ಲಿ ಹೆಸರಾದವನು. ಕಾರಿನ ಕೆಲಸ ಅವನಿಗೆ ಮೊದಲನೆಯದು.

"ಗಿಳಿ ಬ್ಯಾಡೇನ್ರಿ, ಮಾಸ್ತರ್ರ? ಎರಡ ಕೂಡಸತೀನಿ."

ನಾನು ಶಾಲೆಯಲ್ಲಿ ಕಾಪಿ ಬರೆಸುವ ದನಿಯಲ್ಲಿ, "ಗಿಳಿ ಬ್ಯಾಡ, ಹೂವು ಬ್ಯಾಡ. ಇದು ಹೆಂಗೈತಿ ಹಂಗ. ಒಂದು ಗೆರಿ ಹೆಚ್ಚಾಗಬಾರದು, ಒಂದು ಗೆರಿ ಕಡಿಮಿ ಆಗಬಾರದು" ಎಂದು ಮೂರು ಸಲ ಹೇಳಿದೆ. ಅವನು ಹುಣಸೆಬೀಜವೊಂದನ್ನು ಧೋತರಕ್ಕೆ ತಿಕ್ಕಿ ಹೊಳಪು ತಂದು, ಪಟ್ಟಿಯ ಪಕ್ಕ ಹಿಡಿದು ನೋಡಿ, ಕೆಂಪಿಗೆ ಕಪ್ಪು ಬೆರೆಸುತ್ತ ಕುಳಿತ.

ಎಂಟು ದಿನದ ಮೇಲೆ ಅವನೇ ಬಂದು ಕೂಡಿಸಿದ. ಬಣ್ಣ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಹೊಸ ಪಟ್ಟಿಯ ಮೇಲೆ ಸುಣ್ಣದ ಮೂರು ಬೆರಳಿನ ಗುರುತು! ತಿಕ್ಕಿದೆ, ಹೋಗಲಿಲ್ಲ. ಬಿಳಿ ಬಣ್ಣದಲ್ಲಿ ಬರೆದು ಮೇಲೆ ವಾರ್ನಿಷ್ ಹೊಡೆದಿದ್ದ.

"ಇದೇನಪಾ ಮೌನೇಶಪ್ಪ?"

"ನೀವ ಹೇಳಿದ್ರಲ್ರಿ, ಒಂದ ಗೆರಿ ಕಡಿಮಿ ಆಗಬಾರದಂತ. ಅಳತಿ ತಗೊಂಡು ಬರದೀನ್ರಿ."

ಅಷ್ಟರಲ್ಲಿ ವೈನಿ ಹೊರಗೆ ಬಂದಿದ್ದರು. ನೋಡಿದರು. ಸೆರಗಿನಿಂದ ಒರೆಸಲು ಕೈ ಚಾಚಿ, ಅರ್ಧಕ್ಕೇ ನಿಂತು, ನಕ್ಕೇಬಿಟ್ಟರು.

"ಎಂಟು ವರ್ಷ ಬೈಕೋತ ತಿಕ್ಕೀನಿ ಇದನ್ನ. ನೀವಿಬ್ಬರೂ ಕೂಡಿ ಕಾಯಂ ಮಾಡಿಬಿಟ್ರೇನು?"

ಹಾಗೆ ನಗುತ್ತಲೇ ಕಟ್ಟೆಯ ಮೇಲೆ ಕುಳಿತು ಅತ್ತರು. ಆಮೇಲೆ ಮುಖ ತೊಳೆದುಕೊಂಡು ಬಂದು ಮೌನೇಶಪ್ಪನಿಗೆ ತಾವೇ ರೊಟ್ಟಿ ಬಡಿಸಿದರು. ತಾವೂ ಹೊಟ್ಟೆ ತುಂಬ ಉಂಡರು. ನನ್ನ ಮಾಸ್ತರಿಕೆಯಲ್ಲಿ ಇಷ್ಟು ಚೆನ್ನಾಗಿ ಕಾಪಿ ಬರೆದವನು ಇನ್ನೊಬ್ಬನಿಲ್ಲ. ನಾನು ಅವನಿಗೆ ಕೈಮುಗಿದೆ. ಆತನಿಗೆ ಯಾಕೆಂದು ತಿಳಿಯದೆ, "ಗಿಳಿ ಇದ್ದಿದ್ರ ಇನ್ನೂ ಚಲೋ ಕಾಣತಿತ್ರಿ" ಎಂದ.

ಇಳಿಹೊತ್ತಿನಲ್ಲಿ ವೈನಿ, "ನಡೀರಿ, ಲಕ್ಷ್ಮೇಶ್ವರಕ್ಕ ಹೋಗಿ ನಮ್ಮವ್ವನ್ನ ನೋಡ್ಕೊಂಡು ಬರೋಣು" ಎಂದು ಹಿಂದಿನ ಸೀಟಿನಲ್ಲಿ ಕುಳಿತರು. ನಾನು ರೂಢಿಯಂತೆ ಮುಂದೆ ಎಡಗಡೆ ಹತ್ತಿ ಕುಳಿತು ಬಾಗಿಲು ಹಾಕಿಕೊಂಡೆ. ಇಬ್ಬರೂ ರಸ್ತೆ ನೋಡುತ್ತ ಸ್ವಲ್ಪ ಹೊತ್ತು ಕಾದೆವು. ಗಾಡಿ ಕಲಿಸುತ್ತೇನೆಂದು ಅಣ್ಣ ಕರೆದಾಗಲೆಲ್ಲ ಬರುವ ಭಾನುವಾರ ನೋಡೋಣ ಎಂದವನು ನಾನು. ಕಾರಿಗೆ ಈಗ ಎಲ್ಲವೂ ಇದೆ. ನಡೆಸುವವನು ಇಲ್ಲ.