ಅಮಾವಾಸ್ಯೆಯಂದು ಕೈಕೊಟ್ಟ ಕಪ್ಪು ಪರದೆಯವರಿಗೆ

ಮಾನ್ಯ ಕಪ್ಪು ಪರದೆಯವರೇ,

ಸುರಪುರದ ಬಸ್ ನಿಲ್ದಾಣದ ಎದುರಿಗಿರುವ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ವಾಸವಾಗಿದ್ದು, ಅಕ್ಷರದಲ್ಲಿ ಬರೆದುಕೊಟ್ಟ ಆಜ್ಞೆಯನ್ನು ಮಾತ್ರ ಆಲಿಸುವ ತಮಗೆ ಅನುರಾಧಾ ಮಾಡುವ ಸಾವಿರ ನಮಸ್ಕಾರಗಳು. ತಾವು ಕ್ಷೇಮವಾಗಿಲ್ಲವೆಂದು ಗೊತ್ತಿರುವುದರಿಂದ ಕ್ಷೇಮ ವಿಚಾರಿಸುವುದಿಲ್ಲ.

ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ರಕ್ಷಣೆ ಇಲ್ಲವೆಂದು ತಾವೇ ದಿನವೂ ಹೆದರಿಸುತ್ತಿದ್ದುದರಿಂದ, ಕಳೆದ ಅಮಾವಾಸ್ಯೆಯ ಬೆಳಿಗ್ಗೆ ಹೊಸದನ್ನು ಹಾಕಲು ಕೂತೆ. ನಾನು ಪಾಸ್‌ವರ್ಡ್ ಒತ್ತುವಾಗ ಒಂದು ಚುಕ್ಕೆಯನ್ನೂ ತೋರಿಸದ ತಮ್ಮ ಗಾಂಭೀರ್ಯ ಮೆಚ್ಚತಕ್ಕದ್ದು. ಕೀಬೋರ್ಡ್ ಕೆಟ್ಟಿತೆಂದು ತಿಳಿದು ಅದನ್ನು ಬೋರಲು ಹಾಕಿ ಬಡಿದದ್ದನ್ನು ಮನ್ನಿಸಬೇಕು. ಮುಂದುವರಿಸಲೇ ಎಂದು ತಾವು ವಿನಯದಿಂದ ಕೇಳಿದಿರಿ, ನಾನು ಹೂಂ ಎಂದೆ. ಅಲ್ಲೇ ತಪ್ಪಾಯಿತು. ಈ ಅಂಗಡಿಯಲ್ಲಿ ಹೂಂ ಎನ್ನಬೇಕಾದವರು ನಮ್ಮ ಅತ್ತೆ ಮೋನಮ್ಮನವರು.

ಬಿಳಿ ಸಾಲುಗಳು ಸರಸರ ಓಡುತ್ತಿರುವಾಗ ನಾನು ಅಂಗಡಿಯ ಅಮಾವಾಸ್ಯೆ ಪೂಜೆಗೆ ತೆಂಗಿನಕಾಯಿ ತರಲು ಹೋದೆ. ಬರುವಷ್ಟರಲ್ಲಿ ಅತ್ತೆಯವರು ಮೇನ್ ಸ್ವಿಚ್ಚು ಆರಿಸಿ, ತಮ್ಮ ಗಾಜಿನ ಹಣೆಗೆ ಕುಂಕುಮ ಹಚ್ಚಿ ಮುಗಿಸಿದ್ದರು. "ಮಶೀನ್ ಚಾಲೂ ಇಟ್ಟು ಯಾರರ ಪೂಜಿ ಮಾಡ್ತಾರೇನವ್ವ? ನಾನೇ ಬಂದ್ ಮಾಡೀನಿ" ಎಂದರು.

ಮತ್ತೆ ಸ್ವಿಚ್ಚು ಹಾಕಿದರೆ, ಹೊಸದು ಅರ್ಧಕ್ಕೇ ನಿಂತಿದ್ದರಿಂದ ತಾವು ಇಂಗ್ಲಿಷಿನಲ್ಲಿ ಎರಡು ಸಾಲು ಮುನಿಸು ತೋರಿ ಸುಮ್ಮನಾದಿರಿ. ತಮ್ಮ ಹೊಟ್ಟೆಯಲ್ಲಿ ನಮ್ಮ ಗಿರಾಕಿ ಫಕೀರಸಾಬರ ಮಗಳು ಆಸ್ಮಾಳ ಮದುವೆ ಕಾರ್ಡು ಇತ್ತು. ಸುತ್ತಲಿನ ಹಳ್ಳಿಯ ಬೀಗರು ನೆಂಟರೆಲ್ಲ ಒಂದೆಡೆ ಸಿಗುವ ಕೆಂಭಾವಿ ಸಂತೆಯಲ್ಲಿ ಮರುದಿನವೇ ಅದನ್ನು ಅಚ್ಚು ಹಾಕಿ ಹಂಚಬೇಕಿತ್ತು. ಫಕೀರಸಾಬರು ಬೈಯಲಿಲ್ಲ. "ಕಾರ್ಡ್ ಇಲ್ದ ಕರದ್ರ ಬೀಗರು ಏನಂತಾರ್ರಿ ಅಕ್ಕಾರ" ಎಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ನನಗೆ ಅಳು ಬಂತು, ತಮ್ಮ ಮೇಲೆ ಕೆಟ್ಟ ಸಿಟ್ಟೂ ಬಂತು.

ಕೊನೆಗೆ ಆಸ್ಮಾಳೇ ಬಂದು, ಬಿಳಿ ಹಾಳೆಯ ಒಂದು ಕಡೆ ಉರ್ದುವಿನಲ್ಲಿ, ಇನ್ನೊಂದು ಕಡೆ ಕನ್ನಡದಲ್ಲಿ, ತನ್ನ ಮದುವೆಗೆ ತಾನೇ ಕರೆಯೋಲೆ ಬರೆದಳು. ತಮ್ಮ ಜೊತೆಗೇ ಆರಿ, ತಮ್ಮ ಜೊತೆಗೇ ಕುಂಕುಮ ಹಚ್ಚಿಸಿಕೊಂಡ ಝೆರಾಕ್ಸ್ ಮಶೀನು ಒಂದು ಮಾತೂ ಆಡದೆ ಎಲ್ಲ ಪ್ರತಿಗಳನ್ನೂ ತೆಗೆದುಕೊಟ್ಟಿತು. ಈಗ ಕೆಂಭಾವಿಯಿಂದ ಬರುವ ಗಿರಾಕಿಗಳು ಮದುಮಗಳೇ ಬರೆದ ಕಾರ್ಡು ಬೇಕೆನ್ನುತ್ತಾರೆ.

ಆದ್ದರಿಂದ ತಾವು ಪಂಚಾಂಗ ನೋಡಲು ಕಲಿತು, ಅಮಾವಾಸ್ಯೆಯಂದು ನಾನೆಷ್ಟೇ ಆಜ್ಞೆ ಕೊಟ್ಟರೂ ಮೋನಮ್ಮನವರ ಅಪ್ಪಣೆ ಪಡೆದೇ ಕದಲಬೇಕೆಂದೂ, ಸ್ವಿಚ್ಚಿನ ಕಡೆ ಚಾಚುವ ಹಿರಿಯರ ಕೈಯನ್ನು ಮೆಲ್ಲಗೆ ಹಿಡಿದುಕೊಳ್ಳುವ ಸೌಲಭ್ಯವನ್ನು ಮುಂದಿನ ಆವೃತ್ತಿಯಲ್ಲಿ ಒದಗಿಸಬೇಕೆಂದೂ ಪ್ರಾರ್ಥನೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಅನುರಾಧಾ

ತಾ.ಕ.: ಪೂಜೆಗೆ ಮುಂಚೆ ಕೆಲಸ ಹಚ್ಚಿದ್ದಕ್ಕೇ ತಾವು ಕೆಟ್ಟಿರೆಂದು ಅತ್ತೆಯವರು ತೀರ್ಮಾನಿಸಿದ್ದಾರೆ. ಮುಂದಿನ ಅಮಾವಾಸ್ಯೆಗೆ ತಮ್ಮ ಪಾಲಿನ ಕಾಯಿ ಝೆರಾಕ್ಸ್ ಮಶೀನಿಗೆ. ತಮಗೆ ನಿಂಬೆಹಣ್ಣು, ಅದೂ ಆ ಮಶೀನಿಗೆ ದೃಷ್ಟಿ ತೆಗೆದದ್ದು.